ಬಸವನಹುಳು ಮರಿ ಮಾಡಿಸೋ ಮುಂಚೆ ಫ್ರೀಜರ್‌ನಲ್ಲಿ ಜಾಗ ಇದೆಯಾ ನೋಡಿ

ಮೊಟ್ಟೆಯಿಂದ ಮರಿ ಮಾಡಿಸೋದು ಹೇಗೆ ಅಂತ ಹೇಳಿಕೊಡೋಕೆ ನೂರು ಜನ ಇದ್ದಾರೆ. ಎಷ್ಟು ಮರಿ ಸಾಕು ಅಂತ ಹೇಳೋರು ಒಬ್ಬರೂ ಸಿಗಲ್ಲ. ನಾವು ಬರೀತಿರೋದು ಈ ಎರಡನೇದರ ಬಗ್ಗೆ. ಆದರೆ ಮೊದಲನೇದನ್ನು ಸ್ವಲ್ಪ ಹೇಳದೆ ಎರಡನೇದಕ್ಕೆ ಹೋಗೋಕಾಗಲ್ಲ.

ಈ ವರ್ಷ ನಮ್ಮ ಕ್ಯಾಂಪಸ್ ಸುತ್ತಮುತ್ತ ಪುಟ್ಟ ಅಕ್ವೇರಿಯಂಗಳ ಹುಚ್ಚು ಹಬ್ಬಿರೋದು ನಿಮಗೂ ಗೊತ್ತು. ಬಿಟಿಎಂ ಪಿಜಿ ರೂಮಿನ ಕಿಟಕಿಯಲ್ಲಿ, ಜೆಪಿ ನಗರದ ಮನೆಗಳ ಸ್ಟಡಿ ಟೇಬಲ್ ಮೇಲೆ, ಎಲ್ಲಿ ನೋಡಿದರೂ ಹತ್ತು ಲೀಟರಿನ ಗಾಜಿನ ಡಬ್ಬ. ಅದರಲ್ಲಿ ಒಂದೆರಡು ಗಿಡ, ನಾಲ್ಕು ಮೀನು, ಪಾಚಿ ತಿನ್ನಲಿ ಅಂತ ಒಂದು ಬಸವನಹುಳು. ಅಂಗಡಿಯಲ್ಲಿ ಅದನ್ನು ಮಿಸ್ಟರಿ ಸ್ನೇಲ್ ಅಂತಾರೆ. ಒಂದು ಮಸಾಲೆ ದೋಸೆ ದುಡ್ಡಿಗೆ ಒಂದು ಹುಳ. ನಮ್ಮಲ್ಲಿ ಒಬ್ಬನ ಅಜ್ಜಿಗೆ ಸ್ನೇಲ್ ಅಂದಾಗ ತಲೆಬುಡ ಅರ್ಥ ಆಗಲಿಲ್ಲ. ಬಸವನಹುಳು ಅಂದಮೇಲೆ ಟ್ಯಾಂಕ್ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಎರಡು ಕೊಂಬು ಮುಂದೆ ಮಾಡಿಕೊಂಡು, ಯಾವ ಅವಸರವೂ ಇಲ್ಲದೆ ಹೋಗೋ ಪ್ರಾಣಿಗೆ ಬಸವನ ಹೆಸರಿಟ್ಟವರು ಯಾರೋ, ಚೆನ್ನಾಗಿ ನೋಡಿಯೇ ಇಟ್ಟಿದ್ದಾರೆ.

ಎಲ್ಲ ಹುಳದ ಮೊಟ್ಟೆಯೂ ಒಂದೇ ಥರ ಅಲ್ಲ. ಗಿಡದ ಜೊತೆ ಕರೆಯದೇ ಬರೋ ಸಣ್ಣ ಬ್ಲಾಡರ್ ಸ್ನೇಲ್, ರ‍್ಯಾಮ್ಸ್‌ಹಾರ್ನ್ ಇವೆಲ್ಲ ನೀರೊಳಗೇ ಎಲೆ ಮೇಲೆ ಲೋಳೆಯ ಚುಕ್ಕೆ ಥರ ಮೊಟ್ಟೆ ಇಡ್ತವೆ. ಇವು ಒಂದೇ ದೇಹದಲ್ಲಿ ಗಂಡೂ ಹೆಣ್ಣೂ ಆಗಿರೋದರಿಂದ ಒಂದು ಬಂದರೂ ಸಾಕು, ಸಂಸಾರ ಶುರು. ನೆರೈಟ್ ಅನ್ನೋದು ಗಾಜಿನ ತುಂಬ ಬಿಳಿ ಚುಕ್ಕೆ ಇಟ್ಟು ಕೆರೆಸುತ್ತೆ, ಆದರೆ ಅದರ ಮರಿ ಬೆಳೆಯೋಕೆ ಉಪ್ಪುನೀರು ಬೇಕು, ಮನೆ ಟ್ಯಾಂಕಿನಲ್ಲಿ ಏನೂ ಆಗಲ್ಲ. ಮಿಸ್ಟರಿ ಸ್ನೇಲ್‌ನಲ್ಲಿ ಗಂಡು ಬೇರೆ ಹೆಣ್ಣು ಬೇರೆ. ಹಾಗಂತ ಒಂದೇ ತಂದರೆ ಸೇಫ್ ಅಂದುಕೊಳ್ಳಬೇಡಿ. ಹೆಣ್ಣು ಹುಳ ಅಂಗಡಿಯಲ್ಲಿದ್ದಾಗಲೇ ಕೂಡಿದ್ದರೆ, ತಿಂಗಳುಗಟ್ಟಲೆ ಆಮೇಲೂ ಫಲವತ್ತಾದ ಮೊಟ್ಟೆ ಇಡಬಲ್ಲದು.

ಮೊಟ್ಟೆ ಇಡೋದು ಸಾಮಾನ್ಯವಾಗಿ ರಾತ್ರಿ. ನೀರಿನಿಂದ ಮೇಲೆ ಹತ್ತಿ, ಗಾಜಿಗೋ ಮುಚ್ಚಳಕ್ಕೋ ಒಂದೊಂದಾಗಿ ಅಂಟಿಸುತ್ತೆ. ಬೆಳಿಗ್ಗೆ ನೋಡಿದರೆ ತಿಳಿ ಗುಲಾಬಿ ಕೆನೆ ಬಣ್ಣದ ಗೊಂಚಲು, ಸಣ್ಣ ಹಿಪ್ಪುನೇರಳೆ ಹಣ್ಣಿನಷ್ಟು. ಮೊದಲ ದಿನ ಮೆತ್ತಗಿರುತ್ತೆ, ಮುಟ್ಟಬಾರದು. ಗಟ್ಟಿಯಾದ ಮೇಲೆ ಬೆರಳಿನಿಂದ ಅಲುಗಾಡಿಸಿದರೆ ಇಡಿಯಾಗಿ ಬಿಟ್ಟುಕೊಳ್ಳುತ್ತೆ. ನೀರೊಳಗೆ ಬಿದ್ದರೆ ಮೊಟ್ಟೆ ಉಸಿರು ಕಟ್ಟಿ ಸಾಯುತ್ತೆ, ತೀರಾ ಒಣಗಿದರೂ ಸಾಯುತ್ತೆ. ಅದಕ್ಕೆ ನಾವು ಒಂದು ಹಳೆ ಸ್ವೀಟ್ ಡಬ್ಬಕ್ಕೆ ಒದ್ದೆ ಟಿಶ್ಯೂ ಹಾಸಿ, ಗೊಂಚಲನ್ನು ಅದರ ಮೇಲಿಟ್ಟು, ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು, ಟ್ಯಾಂಕ್ ಲೈಟಿನ ಪಕ್ಕ ಇಟ್ಟೆವು. ಎರಡರಿಂದ ನಾಲ್ಕು ವಾರ ಬೇಕು. ಚಳಿ ಇದ್ದಷ್ಟೂ ನಿಧಾನ. ನಮ್ಮದು ಡಿಸೆಂಬರ್ ಗೊಂಚಲು, 24 ದಿನ ತಗೊಂಡಿತು. ಕೊನೆಗೆ ಅದರ ಬಣ್ಣ ಮಾಸಿ ಬೂಷ್ಟು ಹಿಡಿದ ಹಾಗೆ ಕಾಣೋಕೆ ಶುರುವಾಗುತ್ತೆ. ಎಷ್ಟೋ ಜನ ಕೆಟ್ಟುಹೋಯಿತು ಅಂತ ಎಸೆಯೋದು ಅದೇ ಹೊತ್ತಿಗೆ. ಆದರೆ ಮರಿ ಹೊರಬರೋದೂ ಅದೇ ಹೊತ್ತಿಗೆ.

ಆಮೇಲೆ ಕಂಡಿದ್ದನ್ನು ಸರಿಯಾಗಿ ಬರೆಯೋಕೆ ನಮಗೆ ಬರಲ್ಲ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಆದರೆ ಎಲ್ಲವೂ ಇದೆ: ಚಿಪ್ಪು, ಕೊಂಬು, ಕಣ್ಣು, ಬಾಗಿಲು ಮುಚ್ಚಿಕೊಳ್ಳೋ ಬಿಲ್ಲೆ. ಚಿಟ್ಟೆಗೆ ಇರೋ ಹಾಗೆ ಕಂಬಳಿಹುಳದ ಹಂತ ಇಲ್ಲ, ಹುಟ್ಟುತ್ತಲೇ ಪೂರ್ತಿ ಬಸವ. ಬೇಯಿಸಿದ ಪಾಲಕ್, ಸೌತೆಕಾಯಿ ಹೋಳು ಹಾಕಿದರೆ ಅರ್ಧ ಗಂಟೆಯಲ್ಲಿ ಮುತ್ತಿಕೊಳ್ತವೆ. ಚಿಪ್ಪಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಬೋರ್‌ವೆಲ್ ನೀರು ಬರೋ ಮನೆಯವರಿಗೆ ಇದು ದೊಡ್ಡ ಚಿಂತೆ ಅಲ್ಲ, ಬಕೆಟ್ ಅಂಚಿನಲ್ಲಿ ಕೂರೋ ಆ ಬಿಳಿ ಪದರವೇ ಸಾಕ್ಷಿ. ಕಾವೇರಿ ನೀರು ಮೃದು, ಅದಕ್ಕೆ ಪಕ್ಷಿ ಅಂಗಡಿಯಲ್ಲಿ ಸಿಗೋ ಕಟಲ್‌ಬೋನ್ ಒಂದು ತುಂಡು ಹಾಕಬೇಕು. ಕೋಳಿ ಮೊಟ್ಟೆ ಸಿಪ್ಪೆಯೂ ಆಗುತ್ತೆ. ನಾವು ಹುಳ ಸಾಕಿದ್ದು ಬನಶಂಕರಿ ಎರಡನೇ ಹಂತದ ಒಂದು ಮನೆಯಲ್ಲಿ. ಕೋಳಿ ಮೊಟ್ಟೆ ಹೊಸಿಲು ದಾಟದ ಮನೆ ಅದು. ಹಾಗಾಗಿ ಕಟಲ್‌ಬೋನ್ ಯಾವ ಪ್ರಾಣಿಯದ್ದು ಅನ್ನೋದನ್ನು ನಾವು ವಿವರಿಸೋಕೆ ಹೋಗಲಿಲ್ಲ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದಮೇಲೆ ಹಾಕಿ. ತಾಮ್ರದ ಬಿಂದಿಗೆಯ ನೀರು ಮಾತ್ರ ಬೇಡ. ನಮಗೆ ಆರೋಗ್ಯ ಅಂತ ಕುಡಿಯೋ ತಾಮ್ರ, ಬಸವನಹುಳುವಿಗೆ ವಿಷ.

ಇಲ್ಲಿಗೆ ‘ಹೇಗೆ’ ಮುಗಿಯಿತು. ಈಗ ಲೆಕ್ಕ.

ಒಂದು ಗೊಂಚಲಿನಲ್ಲಿ ನೂರು ಮೊಟ್ಟೆ ಅಂತ ಇಟ್ಟುಕೊಳ್ಳಿ. 60 ಉಳಿದವು, ಅದರಲ್ಲಿ 30 ಹೆಣ್ಣು. ಮೊಟ್ಟೆ ಇಡೋ ವಯಸ್ಸಿಗೆ ಬರೋಕೆ ಒಂದು ಸೆಮಿಸ್ಟರ್ ಸಾಕು. ಪ್ರತಿ ಹೆಣ್ಣೂ ಒಂದೇ ಒಂದು ಗೊಂಚಲು ಇಟ್ಟರೂ (ಹಾಗೆ ಒಂದಕ್ಕೇ ನಿಲ್ಲಿಸೋ ಹುಳ ಯಾವುದೂ ಇಲ್ಲ) ಎರಡನೇ ಸೆಮಿಸ್ಟರಿಗೆ 1,800, ಮೂರನೇದಕ್ಕೆ 54,000. ಪಿಯುಸಿಯಲ್ಲಿ ಓದಿದ ಅದೇ ಜಿ.ಪಿ., ಕಾಮನ್ ರೇಷಿಯೋ 30. ಪೇಪರ್ ಮೇಲಿನ ಲೆಕ್ಕ ಇದು, ನಿಜದಲ್ಲಿ ಹತ್ತು ಲೀಟರ್ ನೀರು ಅದಕ್ಕೂ ಬಹಳ ಮುಂಚೆ ಕೊಳೆತು ಎಲ್ಲವೂ ಸಾಯ್ತವೆ. ಆದರೆ ಮೊದಲ ಅರವತ್ತು ನಿಜ. ಆ ಅರವತ್ತನ್ನು ಏನು ಮಾಡ್ತೀರಿ?

ಮೊದಲು ಕ್ಲಾಸಿನವರಿಗೆ ಹಂಚೋದು. ಹತ್ತು ಹೋಗುತ್ತೆ. ಅಂಗಡಿಯವರು ಒಂದು ಸಲ ತಗೊಳ್ತಾರೆ, ಎರಡನೇ ಸಲ ನಗ್ತಾರೆ. ಆಮೇಲೆ ಇಂಟರ್ನಲ್ಸ್ ಬರುತ್ತೆ, ಊರಿಗೆ ಹೋಗೋ ರಜೆ ಬರುತ್ತೆ, ಪಿಜಿ ಬದಲಾಯಿಸೋ ದಿನ ಬರುತ್ತೆ. ಆಗ ಯಾರಾದರೂ ಒಂದು ಮಾತು ಹೇಳೇ ಹೇಳ್ತಾರೆ, ನಮಗೂ ಹೇಳಿದರು: ‘ಕೆರೆಗೆ ಬಿಟ್ಟುಬಿಡ್ರೋ, ಬದುಕಿಕೊಳ್ತವೆ, ಪುಣ್ಯ ಬರುತ್ತೆ.’

ನಮ್ಮ ವಾದ ಇಷ್ಟೇ. ಬದುಕಿಕೊಳ್ತವೆ ಅನ್ನೋದೇ ತೊಂದರೆ.

ಬಿಟಿಎಂನಲ್ಲಿ ಇರೋರಿಗೆ ಮಡಿವಾಳ ಕೆರೆ ಹತ್ತಿರ. ಅದು ಒಂಟಿ ಕೆರೆ ಅಲ್ಲ. ಬೆಂಗಳೂರಿನ ಕೆರೆಗಳನ್ನು ಕಟ್ಟಿದ್ದೇ ಸರಪಳಿ ಥರ, ಒಂದು ಕೋಡಿ ಬಿದ್ದರೆ ನೀರು ಇನ್ನೊಂದಕ್ಕೆ. ಮಡಿವಾಳದಿಂದ ಅಗರ, ಅಗರದಿಂದ ಬೆಳ್ಳಂದೂರು, ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ, ಆಮೇಲೆ ತಮಿಳುನಾಡು. ಬಸವನಗುಡಿ ಕಡೆಯ ಮೋರಿಗೆ ಸುರಿದರೆ ಇನ್ನೊಂದು ದಾರಿ: ವೃಷಭಾವತಿ, ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಬಸವನ ಹೆಸರಿನ ಹುಳ ವೃಷಭದ ಹೆಸರಿನ ನದಿಗೆ ಹೋಗೋದು ಕೇಳೋಕೆ ಚೆಂದ, ಅಷ್ಟೇ. ಬಕೆಟ್ ಬಗ್ಗಿಸಿದವರಿಗೆ ಅದು ಒಂದು ಕೆರೆ. ನೀರಿಗೆ ಅದು ಎರಡು ರಾಜ್ಯ.

ಇದು ಉತ್ಪ್ರೇಕ್ಷೆ ಅನ್ನಿಸಿದರೆ ಎರಡು ಹಳೆ ಕಥೆ ಕೇಳಿ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆ ಹತ್ತೋ ಅಂಗೈಯಗಲದ ಆಫ್ರಿಕನ್ ದೈತ್ಯ ಬಸವನಹುಳು ಇದೆಯಲ್ಲ, ಅದು ನಮ್ಮ ದೇಶಕ್ಕೆ ಬಂದದ್ದು 1847ರಲ್ಲಿ, ಬೆನ್ಸನ್ ಅನ್ನೋ ಚಿಪ್ಪಿನ ಪ್ರಾಣಿಗಳ ಹವ್ಯಾಸಿ ಮಾರಿಷಸ್‌ನಿಂದ ಕಲ್ಕತ್ತಾಗೆ ತಂದ ಹುಳಗಳಿಂದ. ಅವನೂ ಹವ್ಯಾಸಿ, ನಮ್ಮ ಥರ. ಇವತ್ತು ಕೊಡಗಿನ ಕಾಫಿ ತೋಟದವರನ್ನು ಕೇಳಿ ನೋಡಿ. ಇನ್ನೊಂದು, ನಮ್ಮ ಮಿಸ್ಟರಿ ಸ್ನೇಲ್‌ನ ಹತ್ತಿರದ ಸಂಬಂಧಿ, ಗೋಲ್ಡನ್ ಆಪಲ್ ಸ್ನೇಲ್. 1980ರ ಹೊತ್ತಿಗೆ ತಿನ್ನೋಕೆ ಅಂತ ದಕ್ಷಿಣ ಅಮೆರಿಕದಿಂದ ತೈವಾನ್‌ಗೆ ತಂದರು. ರುಚಿ ಯಾರಿಗೂ ಹಿಡಿಸಲಿಲ್ಲ, ಹುಳ ಗದ್ದೆಗೆ ಇಳಿಯಿತು, ಫಿಲಿಪ್ಪೀನ್ಸ್ ತನಕ ಭತ್ತದ ಪೈರು ತಿಂದಿತು. 2012ರಲ್ಲಿ ಯುರೋಪಿಯನ್ ಯೂನಿಯನ್ ಆ ಇಡೀ ಕುಲವನ್ನೇ, ಅಂದರೆ ನಮ್ಮ ಟ್ಯಾಂಕಿನ ಹುಳವನ್ನೂ ಸೇರಿಸಿ, ತರೋದನ್ನು ನಿಷೇಧಿಸಿತು.

ಇದಕ್ಕೆ ಉತ್ತರವಾಗಿ ಒಬ್ಬ ಸೀನಿಯರ್ ಹೇಳಿದ್ದು: ಮಿಸ್ಟರಿ ಸ್ನೇಲ್ ಸಾಧು, ಅದು ಗದ್ದೆ ತಿನ್ನಲ್ಲ. ಒಪ್ಪಿದೆವು, ಅದು ಹೆಚ್ಚಾಗಿ ತಿನ್ನೋದು ಪಾಚಿ, ಕೊಳೆತ ಎಲೆ. ಆದರೆ ಅಂಗಡಿಯವರು ಕೊಟ್ಟ ಮರಿ ಸಾಧುವೋ ಅದರ ದಾಯಾದಿಯೋ ಅಂತ ಬರಿಗಣ್ಣಲ್ಲಿ ಹೇಳೋ ಧೈರ್ಯ ನಮಗಿಲ್ಲ, ಅವನಿಗೂ ಇರಬಾರದು. ಅಲ್ಲದೆ ನಮ್ಮ ಕೆರೆಗಳಿಗೆ ಅದರದೇ ಆಪಲ್ ಸ್ನೇಲ್ ಇದೆ. ಪಿಸಿಎಂಬಿ ತಗೊಂಡವರು ಪೈಲಾ ಅಂತ ಓದಿರ್ತೀರಿ, ಎರಡು ಅಂಕದ ಉದಾಹರಣೆಯಾಗಿ. ಕೆರೆ ದಂಡೆಯ ಹಸಿ ಮಣ್ಣಲ್ಲಿ ಮೊಟ್ಟೆ ಇಟ್ಟು, ಬೇಸಿಗೆಯಲ್ಲಿ ಕೆಸರೊಳಗೆ ಮಲಗಿ ಕಾಯೋ ಹುಳ. ದಂಡೆಗೆ ಕಾಂಕ್ರೀಟ್, ನೀರಿಗೆ ಚರಂಡಿ ಸೇರಿ ಅದರ ಬದುಕು ಮೊದಲೇ ಕಷ್ಟದಲ್ಲಿದೆ. ಜೆಪಿ ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ವರ್ಷಗಟ್ಟಲೆ ಕಷ್ಟಪಟ್ಟು ಉಳಿಸಿಕೊಂಡಿದ್ದಾರೆ. ಅಂಥ ಕಡೆ ರಜೆಗೆ ಊರಿಗೆ ಹೋಗೋ ಹಿಂದಿನ ಸಂಜೆ ನಾವು ಹೋಗಿ ಬಕೆಟ್ ಬಗ್ಗಿಸೋದಾ?

ಹಾಗಾದರೆ ಉಳಿದ ದಾರಿ ಫ್ರೀಜರ್. ಗೊಂಚಲು ಕಂಡ ಒಂದೆರಡು ದಿನದೊಳಗೆ, ಒಳಗೆ ಮರಿ ರೂಪ ತಾಳೋ ಮುಂಚೆ, ಕವರಿಗೆ ಹಾಕಿ ಎರಡು ದಿನ ಫ್ರೀಜ್ ಮಾಡಿ ಹಸಿ ಕಸಕ್ಕೆ ಹಾಕೋದು. ಬರೆಯೋಕೆ ಸುಲಭ. ಅವರೆಕಾಳಿನ ಪ್ಯಾಕೆಟ್ ಪಕ್ಕ ಅದನ್ನು ಮೊದಲ ಸಲ ಇಟ್ಟಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಆ ಮನೆಯ ಅಮ್ಮ ‘ಪಾಪ ಅಲ್ವೇನ್ರೋ’ ಅಂದರು. ಪಾಪ ಇರಬಹುದು. ಆದರೆ ಮೂರು ತಿಂಗಳು ಬೆಳೆಸಿ, ಹೆಸರಿಟ್ಟು, ಕೊಳೆತ ನೀರಲ್ಲಿ ಸಾಯೋಕೆ ಬಿಡೋದಕ್ಕಿಂತ ಇದು ಕಡಿಮೆ ಪಾಪ ಅಂತ ನಾವು ಲೆಕ್ಕ ಹಾಕಿದೆವು. ಈಗಲೂ ಅದೇ ಲೆಕ್ಕಕ್ಕೆ ನಿಲ್ತೀವಿ. ಈ ಕೆಲಸ ಕೈಯಲ್ಲಿ ಆಗಲ್ಲ ಅನ್ನೋರು ದಯವಿಟ್ಟು ಮರಿ ಮಾಡಿಸೋಕೆ ಹೋಗಬೇಡಿ. ಹುಳ ಸಾಕಿ, ನೀರಿನ ಮಟ್ಟವನ್ನು ಮುಚ್ಚಳದ ತನಕ ಏರಿಸಿಡಿ, ಮೊಟ್ಟೆ ಇಡೋಕೆ ಜಾಗವೇ ಕಡಿಮೆಯಾಗುತ್ತೆ.

ನಾವು ಒಂದು ಗೊಂಚಲಿನಿಂದ ಮರಿ ಮಾಡಿಸಿದೆವು, ನಾಲ್ಕನ್ನು ಫ್ರೀಜ್ ಮಾಡಿದೆವು. ಟ್ಯಾಂಕ್ ತೊಳೆದ ನೀರು ಬಾಲ್ಕನಿಯ ಕುಂಡಗಳಿಗೆ ಹೋಗುತ್ತೆ, ಮೋರಿಗಲ್ಲ. ತುಳಸಿ ಸೊಂಪಾಗಿದೆ. ಹಂಚಿದ್ದೆಲ್ಲ ಹೋಗಿ ಈಗ ಹನ್ನೆರಡು ಹುಳ ಉಳಿದಿವೆ. ಅದರಲ್ಲಿ ನಾಲ್ಕನ್ನು ಕೊಡ್ತೀವಿ, ದುಡ್ಡು ಬೇಡ. ಕ್ಲಬ್ ರೂಮಿಗೆ ಬಂದು ಕೇಳಿ. ಎರಡು ಪ್ರಶ್ನೆ ಇರುತ್ತೆ: ನಿಮ್ಮ ಟ್ಯಾಂಕ್ ಎಷ್ಟು ಲೀಟರ್, ಮತ್ತೆ ರಜೆಯಲ್ಲಿ ಯಾರು ನೋಡ್ಕೋತಾರೆ.