ಉಪೇಕ್ಷೆ: ಒಂದು ಪಾರಿಭಾಷಿಕ ಪದದ ತೊಡಕು

ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಬ್ರಹ್ಮವಿಹಾರಗಳಲ್ಲಿ ಕೊನೆಯದು ಕನ್ನಡ ಓದುಗನನ್ನು ದಾರಿ ತಪ್ಪಿಸುತ್ತದೆ. ಪಾಲಿಯ ‘ಉಪೇಕ್ಖಾ’ ಸಮಚಿತ್ತದಿಂದ ಕಾಣುವ ಗುಣ. ಕನ್ನಡದ ರೂಢಿಯಲ್ಲಿ ‘ಉಪೇಕ್ಷೆ’ ಎಂದರೆ ಕಡೆಗಣಿಸುವಿಕೆ. ಐದನೆಯ ಶತಮಾನದ ಬುದ್ಧಘೋಷನು ‘ವಿಸುದ್ಧಿಮಗ್ಗ’ದಲ್ಲಿ ಅಜ್ಞಾನದಿಂದ ಹುಟ್ಟುವ ಉದಾಸೀನತೆಯನ್ನು ಈ ಗುಣದ ಸಮೀಪಶತ್ರುವೆಂದು ಗುರುತಿಸಿದ್ದಾನೆ. ನಮ್ಮ ರೂಢಿಯ ಅರ್ಥ ಆ ಶತ್ರುವಿಗೇ ಹತ್ತಿರವಾಗಿದೆ.

ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದ ಬೆಂಗಳೂರಿಗೆ ಬೌದ್ಧ ಸಾಧನೆ ಹೊಸತಲ್ಲ. ಮೈತ್ರಿಭಾವನೆಯಲ್ಲಿ ಸಾಧಕನು ತನ್ನಿಂದ ತೊಡಗಿ ಪ್ರಿಯರಿಗೆ, ತಟಸ್ಥರಿಗೆ, ಕೊನೆಗೆ ವೈರಿಗಳಿಗೆ ಹಿತವನ್ನು ಹಾರೈಸುತ್ತಾನೆ. ಕನ್ನಡ, ತಮಿಳು, ತೆಲುಗು ಒಂದೇ ಬೀದಿಯಲ್ಲಿ ಕೇಳಿಬರುವ ಬಾಣಸವಾಡಿಯಂತಹ ಬಡಾವಣೆಯಲ್ಲಿ ಈ ‘ತಟಸ್ಥ’ ಯಾರು? ಹೆಸರೂ ತಿಳಿಯದ ಪಕ್ಕದ ಮನೆಯವನು. ಅವನನ್ನು ಕಡೆಗಣಿಸಲು ಯಾವ ಸಾಧನೆಯೂ ಬೇಕಿಲ್ಲ. ಅವನ ಸುಖದುಃಖಗಳನ್ನು ರಾಗದ್ವೇಷಗಳಿಲ್ಲದೆ ಹತ್ತಿರದಿಂದ ಕಾಣಲು ಬೇಕು.

ಅಲಕ್ಷ್ಯದ ಅರ್ಥ ಸಂಸ್ಕೃತದಲ್ಲಿಯೂ ಉಂಟು, ನಿಜ. ಆದರೆ ಇಂದಿನ ಕನ್ನಡ ಓದುಗನಿಗೆ ತೋರುವುದು ಅದೊಂದೇ. ಆದುದರಿಂದ ಬೌದ್ಧ ಪಠ್ಯಗಳ ಅನುವಾದದಲ್ಲಿ ‘ಸಮಚಿತ್ತತೆ’ಯನ್ನು ಬಳಸಿ, ಮೂಲಪದವನ್ನು ಟಿಪ್ಪಣಿಯಲ್ಲಿ ವಿವರಿಸುವುದು ಯುಕ್ತ. ಇಲ್ಲವಾದರೆ ನೆರೆಯವನನ್ನು ಮರೆತವನೂ ತಾನು ಸಾಧಕನೆಂದು ಭ್ರಮಿಸಲು ನಮ್ಮ ಭಾಷೆಯೇ ಅವಕಾಶ ಕೊಟ್ಟಂತಾಗುತ್ತದೆ.