ಬಚ್ಚಲಿಗೆ ಬರುವ ಕಲ್ಲಿದ್ದಲು

ಮರೋಳದಲ್ಲಿ ಹೊಸ ಮನೆ ಕಟ್ಟುವ ಕುಟುಂಬಕ್ಕೆ ಕೋಣೆ ಕಾಯಿಸುವ ಚಿಂತೆಯಿಲ್ಲ. ಆ ಕೆಲಸವನ್ನು ಬಿಸಿಲು ಬೇಕಾದುದಕ್ಕಿಂತ ಹೆಚ್ಚಾಗಿಯೇ ಮಾಡುತ್ತದೆ. ಕಾಯಬೇಕಾದುದು ಬಚ್ಚಲಿನ ನೀರು. ಅದಕ್ಕೆ ವಿದ್ಯುತ್ ಗೀಸರ್ ಆರಿಸುವುದು ಶುದ್ಧ ಅವಿವೇಕ. 100 ಲೀಟರ್ ನೀರಿನ ಉಷ್ಣತೆಯನ್ನು 20 ಡಿಗ್ರಿ ಏರಿಸಲು ಸುಮಾರು 2.3 ಯೂನಿಟ್ ಬೇಕು. ಇಂಥ ಯೂನಿಟ್ಟುಗಳಿಗಾಗಿಯೇ ವಿಜಯಪುರ ಜಿಲ್ಲೆಯ ಕೂಡಗಿಯ 2400 ಮೆಗಾವಾಟ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತದೆ, ಆಲಮಟ್ಟಿಯ ನೀರು ಆವಿಯಾಗುತ್ತದೆ. ಉರಿದ ಶಾಖದಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿಯೇ ಪೋಲು. ಆಲಮಟ್ಟಿಗಾಗಿ ಊರುಗಳನ್ನೇ ಮುಳುಗಿಸಿಕೊಂಡ ಬಾಗಲಕೋಟೆ ಜಿಲ್ಲೆಗೆ ಇದು ತಿಳಿಯದ್ದೇ? 2023ರ ಗೃಹಜ್ಯೋತಿ ಬಿಲ್ಲನ್ನು ಇಳಿಸಿತು, ಹಾರುಬೂದಿಯನ್ನಲ್ಲ. ಮಾಳಿಗೆಯ ಮೇಲೆ ಸೋಲಾರ್ ಹೀಟರ್, ಮೋಡದ ದಿನಕ್ಕೆ ಹೊಲದ ತೊಗರಿ ಕಟ್ಟಿಗೆ ಉರಿಸುವ, ಹೊಗೆಕೊಳವೆಯುಳ್ಳ ಹಂಡೆಯೊಲೆ ಇದ್ದರೆ ಸಾಕು. ಗಡಸು ನೀರಿನಿಂದ ಸೋಲಾರ್ ಕೊಳವೆ ಕಟ್ಟಿಕೊಳ್ಳುತ್ತದೆ ಎನ್ನುವವರು ಗೀಸರಿನ ಸುರುಳಿಯನ್ನೊಮ್ಮೆ ಬಿಚ್ಚಿ ನೋಡಲಿ.