ಬಂದ ರೀಡಿಂಗನ್ನೇ ಬರೆಯೋಣ

ಪಿಯುಸಿ ಲ್ಯಾಬ್‌ನಲ್ಲಿ ಸರಳ ಲೋಲಕ ತೂಗಿಬಿಟ್ಟು ಗುರುತ್ವ ವೇಗೋತ್ಕರ್ಷ ಅಳೆದಾಗ ನನಗೆ ಬಂದದ್ದು 9.3. ‘9.8 ಬರೋ ಹಾಗೆ ಮಾಡು ಮಾರಾಯ, ಇಲ್ಲಾಂದ್ರೆ ರೆಕಾರ್ಡ್‌ಗೆ ಸೈನ್ ಬೀಳಲ್ಲ’ ಎಂದ ಪಕ್ಕದ ಟೇಬಲ್ಲಿನ ಗೆಳೆಯ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬಿಸಿದೆ. ಸಹಿ ಬಿತ್ತು, ಪೂರ್ತಿ ಅಂಕವೂ ಬಂತು.

ಈಗ ಎಂ.ಎಸ್ಸಿ. ಸೆಮಿನಾರ್‌ಗೆಂದು ಸರ್ನ್‌ನ ಆಲಿಸ್ ಪ್ರಯೋಗದ ಮೊದಲ ಪ್ರಬಂಧ ಓದಿದೆ. ಆ ಅಂಕಗಳು ಚುಚ್ಚತೊಡಗಿವೆ.

2009ರ ನವೆಂಬರ್ 23ರಂದು, ಜಿನೀವಾ ಬಳಿ ನೆಲದಡಿಯ 27 ಕಿ.ಮೀ. ಉದ್ದದ ಎಲ್‌ಎಚ್‌ಸಿ ವರ್ತುಲದಲ್ಲಿ ಪ್ರೋಟಾನ್‌ಗಳು ಮೊದಲ ಸಲ ಡಿಕ್ಕಿಯಾದವು. ಆಲಿಸ್ ತಂಡದ ಕೈಗೆ ಸಿಕ್ಕಿದ್ದು ಬರೀ 284 ಡಿಕ್ಕಿ. ಅಷ್ಟರಲ್ಲೇ, ಕಿರಣಕ್ಕೆ ಅಡ್ಡಲಾಗಿ ನಿಗದಿತ ಕೋನವ್ಯಾಪ್ತಿಯಲ್ಲಿ ಹೊಮ್ಮಿದ ವಿದ್ಯುದಾವೇಶದ ಕಣಗಳನ್ನು ಎಣಿಸಿದರು. ಸರಾಸರಿ 3.10. ಅದರ ಪಕ್ಕದಲ್ಲೇ ಎರಡು ದೋಷಗಳು: 0.13 ಮತ್ತು 0.22. ಮೊದಲನೆಯದು ಡಿಕ್ಕಿಗಳು ಕಡಿಮೆ ಇದ್ದುದರಿಂದ. ಎರಡನೆಯದು ಉಪಕರಣದ್ದು, ತಿದ್ದುಪಡಿಯದ್ದು. ಡಿಟೆಕ್ಟರ್‌ನಿಂದ ಕೆಲವು ಕಣಗಳು ಜಾರಿಹೋಗುತ್ತವೆ; ಕೆಲವು ಅದರ ಭಾಗಗಳಿಗೇ ತಾಗಿ ಹೊಸ ಕಣ ಹುಟ್ಟಿಸುತ್ತವೆ. ಎಷ್ಟು ಜಾರಿತು, ಎಷ್ಟು ಸುಮ್ಮನೆ ಸೇರಿತು ಎಂದು ಅಂದಾಜಿಸಿ ತಿದ್ದಬೇಕು, ತಿದ್ದಿದ್ದನ್ನು ಹೇಳಲೂಬೇಕು. ನಾನೂ ತಿದ್ದಿದ್ದೆ, ಹೇಳಿರಲಿಲ್ಲ ಅಷ್ಟೇ!

2010ರಲ್ಲಿ ಸೀಸದ ನ್ಯೂಕ್ಲಿಯಸ್‌ಗಳ ಸರದಿ. ನೇರಾನೇರ ಡಿಕ್ಕಿಯಲ್ಲಿ ಅದೇ ಕೋನವ್ಯಾಪ್ತಿಗೆ ಸುಮಾರು 1,600 ಕಣ. ಪ್ರೋಟಾನ್, ನ್ಯೂಟ್ರಾನ್‌ಗಳೇ ಕರಗಿ ಕ್ವಾರ್ಕ್-ಗ್ಲುಆನ್ ಪ್ಲಾಸ್ಮಾ ಆಗುವ ಸ್ಥಿತಿ ಅದು. ಇಲ್ಲಿ ಏನು ಹೊಸದು ಎಂದು ಹೇಳಲು ಪ್ರೋಟಾನ್ ಡಿಕ್ಕಿಯೇ ಅಳತೆಗೋಲು. ಸ್ಟ್ರೇಂಜ್ ಕ್ವಾರ್ಕ್ ಇರುವ ಕಣಗಳ ಪಾಲು ಹೆಚ್ಚುವುದು ಪ್ಲಾಸ್ಮಾದ ಗುರುತು ಎಂದು ಬಹಳ ಜನ ನಂಬಿದ್ದರು. ಆದರೆ 2017ರಲ್ಲಿ ಆಲಿಸ್ ಪ್ರಕಟಿಸಿದ ಫಲಿತಾಂಶ ಬೇರೆಯೇ ಹೇಳಿತು: ಹೆಚ್ಚು ಕಣ ಚಿಮ್ಮುವ ಪ್ರೋಟಾನ್ ಡಿಕ್ಕಿಗಳಲ್ಲೂ ಆ ಪಾಲು ಏರುತ್ತದೆ. ಅಳತೆಗೋಲೇ ಅಚ್ಚರಿ ಹುಟ್ಟಿಸಿತು. ಯಾಕೆ ಹೀಗೆ ಎಂಬ ಚರ್ಚೆ ಇನ್ನೂ ನಡೆದಿದೆ. ನಮ್ಮ ಲ್ಯಾಬಿನ ನಿಯಮ ಅಲ್ಲಿದ್ದಿದ್ದರೆ? ‘ಪ್ರೋಟಾನ್‌ನಲ್ಲಿ ಹೀಗೆ ಬರಬಾರದು, ಸರಿಮಾಡು’ ಎಂದು ಮುಗಿಸಿರುತ್ತಿದ್ದರು.

ಅದಕ್ಕೇ ನನ್ನ ವಾದ ಇಷ್ಟೇ. ಪ್ರಾಕ್ಟಿಕಲ್‌ನಲ್ಲಿ ಪುಸ್ತಕದ ಉತ್ತರಕ್ಕೆ ಕೊಡುವ ಅಂಕದಲ್ಲಿ ಅರ್ಧವನ್ನಾದರೂ ದೋಷದ ವಿವರಣೆಗೆ ಕೊಡಲಿ. ದೊಡ್ಡ ಯಂತ್ರ ಎಲ್ಲಿಂದ ತರೋಣ ಎನ್ನುವವರಿಗೆ, ಸರ್ನ್‌ನ ಓಪನ್ ಡೇಟಾ ಪೋರ್ಟಲ್‌ನಲ್ಲಿ ನಿಜವಾದ ಡಿಕ್ಕಿಗಳ ದತ್ತಾಂಶ ಉಚಿತವಾಗಿ ಸಿಗುತ್ತದೆ. 2017ರಿಂದ ಭಾರತವೂ ಅಲ್ಲಿ ಸಹ ಸದಸ್ಯ. ನಾಳೆ ಡೇಟಾ ಅನಲಿಸ್ಟ್ ಕೆಲಸಕ್ಕೆ ಅರ್ಜಿ ಹಾಕುವ ನನ್ನ ಗೆಳೆಯರಿಗೂ ಬೇಕಾಗುವುದು ಇದೇ ಅಭ್ಯಾಸ.

ಮೊನ್ನೆ ಪಿಯುಸಿ ಓದುವ ತಂಗಿ ರೆಕಾರ್ಡ್ ಹಿಡಿದು ಬಂದಳು. ‘ಅಣ್ಣ, 9.4 ಬಂದಿದೆ, ಯಾವ ರೀಡಿಂಗ್ ಬದಲಾಯಿಸಲಿ?’ ಗುಂಡಿನ ಮಧ್ಯದವರೆಗೆ ಅಳೆದಿದ್ದೀಯಾ ಎಂದು ಕೇಳಿದೆ. ದಾರದ ಗಂಟಿನವರೆಗೆ ಮಾತ್ರ ಎಂದಳು.